ಸೌದೆಗೊಂದು, ದಿಮ್ಮಿಗೊಂದು: ಚೈನ್‌ಸಾ ಆರಿಸುವ ಮುಂಚೆ

ಚೈನ್‌ಸಾ ಕೊಳ್ಳಲು ಹೊರಟವರು ಮೊದಲು ಕೇಳುವುದು "ಎಷ್ಟು ಸಿಸಿದು ತಗೊಳ್ಳಲಿ?" ಅಂತ. ನಾನು ತಿರುಗಿಸಿ ಮೂರು ಪ್ರಶ್ನೆ ಕೇಳುತ್ತೇನೆ. ನೀವು ಕೊಯ್ಯುವ ಮರ ಸಾಮಾನ್ಯವಾಗಿ ಎಷ್ಟು ದಪ್ಪ ಇರುತ್ತದೆ? ವರ್ಷಕ್ಕೆ ಎಷ್ಟು ದಿನ ಕೊಯ್ಯುತ್ತೀರಿ? ಗರಗಸ ಹಿಡಿದು ಬಗ್ಗಿದರೆ ಎಷ್ಟು ಹೊತ್ತು ಕೈ ನಡುಗದೆ ಇರುತ್ತದೆ? ಈ ಮೂರಕ್ಕೂ ಇದ್ದದ್ದನ್ನು ಇದ್ದ ಹಾಗೆ ಉತ್ತರ ಕೊಟ್ಟುಕೊಂಡರೆ ಸಿಸಿ ತಾನಾಗಿಯೇ ಗೊತ್ತಾಗುತ್ತದೆ.

ನಾನು ಮೊದಲ ಸಲ ಕೊಂಡದ್ದು 70 ಸಿಸಿ ಯಂತ್ರ, 24 ಇಂಚಿನ ಬಾರ್ (ಚೈನು ಸುತ್ತುವ ಉದ್ದನೆಯ ಪಟ್ಟಿ). ದೊಡ್ಡದಿದ್ದರೆ ಚಿಕ್ಕ ಕೆಲಸಕ್ಕೂ ಆಗುತ್ತದೆ, ದೊಡ್ಡ ಕೆಲಸಕ್ಕೂ ಆಗುತ್ತದೆ ಅನ್ನುವ ಲೆಕ್ಕ. ಪೆಟ್ರೋಲು, ಎಣ್ಣೆ ತುಂಬಿಸಿ, ಬಾರ್ ಮತ್ತು ಚೈನು ಹಾಕಿದ ಮೇಲೆ ಅದು ಒಂಬತ್ತು ಕೆಜಿ ಹತ್ತಿರ ತೂಗುತ್ತಿತ್ತು. ನನ್ನ ಸೌದೆಯೆಲ್ಲ ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು ದಪ್ಪದ್ದು. ಎರಡು ತಾಸು ರೆಂಬೆ ಸವರುವಷ್ಟರಲ್ಲಿ ಭುಜ ಸೋತಿತು, ಬಾರಿನ ತುದಿ ಎಲ್ಲಿದೆ ಅನ್ನುವ ಗಮನ ತಪ್ಪಿತು, ಹಿಂದೆ ಮರೆಯಲ್ಲಿದ್ದ ಇನ್ನೊಂದು ಕೊಂಬೆಗೆ ತುದಿ ತಾಗಿ ಗರಗಸ ಮುಖದ ಕಡೆಗೆ ಎಗರಿತು. ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಬಿದ್ದದ್ದರಿಂದ ಉಳಿದೆ. ಅವತ್ತಿನಿಂದ ಯಾರು ಕೇಳಿದರೂ ನಾನು ಹೇಳುವುದು ಇದನ್ನೇ: ಕೆಲಸಕ್ಕೆ ಸಾಲುವಂಥವುಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದನ್ನು ಕೊಳ್ಳಿ, ಉಳಿದ ದುಡ್ಡನ್ನು ಚೈನಿಗೂ ಕಾಲಿನ ರಕ್ಷಣೆಗೂ ಹಾಕಿ.

ಕರೆಂಟು, ಬ್ಯಾಟರಿ, ಪೆಟ್ರೋಲು

ವೈರ್ ಸಿಕ್ಕಿಸಿ ಓಡಿಸುವ ಗರಗಸವನ್ನು ಬಹಳ ಜನ ಆಟದ ಸಾಮಾನು ಅಂದುಕೊಂಡಿದ್ದಾರೆ. ಹಾಗೇನಿಲ್ಲ. 1800ರಿಂದ 2400 ವ್ಯಾಟ್‌ನ ಮೋಟಾರು, 14 ಅಥವಾ 16 ಇಂಚಿನ ಬಾರ್ ಇದ್ದರೆ, ಮನೆ ಪಕ್ಕಕ್ಕೆ ತಂದು ರಾಶಿ ಹಾಕಿದ ದಿಮ್ಮಿಗಳನ್ನು ಒಲೆಯ ಅಳತೆಗೆ ತುಂಡು ಮಾಡಲು ಚೆನ್ನಾಗಿಯೇ ಆಗುತ್ತದೆ. ಹೊಗೆ ಇಲ್ಲ, ಗಲಾಟೆ ಕಡಿಮೆ, ಬೆಲೆಯೂ ಕಡಿಮೆ. ತೊಂದರೆ ಇರುವುದು ವೈರಿನದೇ. ಸಣ್ಣ ವೈರನ್ನು ದೂರದವರೆಗೆ ಎಳೆದರೆ ವೋಲ್ಟೇಜ್ ಇಳಿಯುತ್ತದೆ, ಮೋಟಾರು ತಿಣುಕುತ್ತದೆ, ಬಿಸಿಯಾಗಿ ಕೊನೆಗೆ ಸುಡುತ್ತದೆ. ಇಪ್ಪತ್ತೈದು ಮೂವತ್ತು ಮೀಟರ್ ಎಳೆಯುವುದಾದರೆ 2.5 ಚದರ ಮಿಲಿಮೀಟರ್ ತಾಮ್ರದ ವೈರೇ ಇರಲಿ. ನೆಲ ಒದ್ದೆ ಇದ್ದಾಗ ಹೊರಗೆ ತೆಗೆಯಲೇಬೇಡಿ. ಮರ ಬಿದ್ದ ಜಾಗಕ್ಕೇ ಹೋಗಿ ಕೊಯ್ಯಬೇಕು ಅನ್ನುವವರಿಗೆ ಇದು ಆಗದು, ಅಷ್ಟೇ.

ಬ್ಯಾಟರಿ ಗರಗಸದ ಬಗ್ಗೆ ಸ್ವಲ್ಪ ಲೆಕ್ಕ ಹಾಕೋಣ. 36 ವೋಲ್ಟ್, 5 ಆಂಪಿಯರ್ ಅವರ್ ಬ್ಯಾಟರಿ ಅಂದರೆ 180 ವ್ಯಾಟ್ ಅವರ್. ಮೋಟಾರು ಪೂರ್ತಿ ಭಾರದಲ್ಲಿ 1.5 ಕಿಲೋವ್ಯಾಟ್ ಎಳೆದರೆ ಏಳು ನಿಮಿಷಕ್ಕೆ ಖಾಲಿ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಸೌದೆ ಕೊಯ್ಯುವಾಗ ಗುಂಡಿ ಒತ್ತಿಕೊಂಡೇ ಯಾರೂ ನಿಂತಿರುವುದಿಲ್ಲ. ಒಂದು ತುಂಡು ಕೊಯ್ದು, ಸರಿದು, ಇನ್ನೊಂದಕ್ಕೆ ಕೈ ಹಾಕುವ ನಡುವೆ ಮೋಟಾರು ಪೂರಾ ನಿಂತಿರುತ್ತದೆ, ಆಗ ಒಂದು ಹನಿ ಕರೆಂಟೂ ಖರ್ಚಿಲ್ಲ. ಹಾಗಾಗಿ ನಿಜವಾದ ಕೆಲಸದ ಹೊತ್ತು ಅದರ ಮೂರು ನಾಲ್ಕು ಪಟ್ಟು ಸಿಗುತ್ತದೆ. ಈಗ ಪೆಟ್ರೋಲಿನ ಕಡೆ ನೋಡಿ. ಒಂದು ಲೀಟರಿನಲ್ಲಿ ಸುಮಾರು 9 ಕಿಲೋವ್ಯಾಟ್ ಅವರ್ ಶಕ್ತಿ ಇರುತ್ತದೆ. ಚಿಕ್ಕ ಎಂಜಿನ್ನು ಅದರಲ್ಲಿ ಐದರಲ್ಲಿ ಒಂದು ಪಾಲನ್ನಷ್ಟೇ ಚೈನಿಗೆ ಮುಟ್ಟಿಸುತ್ತದೆ ಅಂದುಕೊಂಡರೂ ಅಂಥ ಹತ್ತು ಬ್ಯಾಟರಿಗೆ ಸಮವಾಯಿತು. ದಿನವಿಡೀ ಕೊಯ್ಯುವವರು ಇನ್ನೂ ಪೆಟ್ರೋಲ್ ಡಬ್ಬಿ ಬಿಡದೆ ಇರುವುದು ಇದಕ್ಕೇ.

ಹಾಗಾದರೆ ಬ್ಯಾಟರಿ ಯಾರಿಗೆ? ವರ್ಷಕ್ಕೆ ನಾಲ್ಕಾರು ದಿನ, ಪ್ರತಿ ಸಲ ಒಂದೆರಡು ತಾಸು, 25 ಸೆಂಟಿಮೀಟರ್ ಒಳಗಿನ ಮರ ಕೊಯ್ಯುವವರಿಗೆ. ಇವರಿಗೆ ಪೆಟ್ರೋಲ್ ಯಂತ್ರ ತಲೆನೋವೇ ಜಾಸ್ತಿ. ಆರು ತಿಂಗಳು ಮೂಲೆಯಲ್ಲಿ ಕೂತ ಗರಗಸದಲ್ಲಿ ಹಳೇ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರ್ ಕಟ್ಟಿಕೊಂಡಿರುತ್ತದೆ, ಬೇಕಾದ ದಿನ ಹಗ್ಗ ಎಳೆದೂ ಎಳೆದೂ ಕೈ ಸೋಲುತ್ತದೆ. ಬ್ಯಾಟರಿಯದು ಗುಂಡಿ ಒತ್ತಿದರೆ ಓಡುತ್ತದೆ. ನಿಮ್ಮ ಹತ್ತಿರ ಈಗಾಗಲೇ ಒಂದು ಕಂಪನಿಯ ಡ್ರಿಲ್ಲು, ಹುಲ್ಲು ಕೊಯ್ಯುವ ಯಂತ್ರ ಇದ್ದರೆ ಅದೇ ಬ್ಯಾಟರಿ ಕೂರುವ ಗರಗಸ ಹುಡುಕಿ, ಯಾಕೆಂದರೆ ಬ್ಯಾಟರಿಯ ಬೆಲೆಯೇ ದೊಡ್ಡ ಭಾಗ. ಎರಡು ಬ್ಯಾಟರಿ ಬೇಕೇ ಬೇಕು. ಚಳಿ ಜಾಸ್ತಿ ಇರುವ ಕಡೆ ಬ್ಯಾಟರಿ ಬೇಗ ಸೋಲುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದು ಎಚ್ಚರದ ಮಾತು: ಸದ್ದಿಲ್ಲದೆ ನಿಂತಿರುವ ಗರಗಸ ಆಫ್ ಆಗಿದೆ ಅಂತ ಮನಸ್ಸು ನಂಬಿಬಿಡುತ್ತದೆ. ಚೈನು ಮುಟ್ಟುವ ಮುಂಚೆ, ಬಿಗಿ ಮಾಡುವ ಮುಂಚೆ ಬ್ಯಾಟರಿ ಕಿತ್ತು ಪಕ್ಕಕ್ಕಿಡಿ. ಪ್ರತಿ ಸಲ.

ನಾಲ್ಕಾರು ಇಂಚಿನ ಬಾರ್ ಇರುವ, ಒಂದೇ ಕೈಯಲ್ಲಿ ಹಿಡಿಯುವ ಪುಟ್ಟ ಬ್ಯಾಟರಿ ಗರಗಸಗಳು ಈಗ ಎಲ್ಲೆಲ್ಲೂ ಸಿಗುತ್ತವೆ. ಗಿಡ ಸವರಲು ಅವು ಸರಿ. ಸೌದೆಗೆ ಅಂತ ಕೊಂಡರೆ ಬೇಜಾರಾಗುತ್ತದೆ.

ಪೆಟ್ರೋಲ್ ಗರಗಸ ಅಂದರೆ ಟೂ ಸ್ಟ್ರೋಕ್. ಪೆಟ್ರೋಲಿಗೆ ಎಣ್ಣೆ ಬೆರೆಸಲೇಬೇಕು. ಈಗಿನ ಹೆಚ್ಚಿನ ಯಂತ್ರಗಳಿಗೆ ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆ ಹಾಕಿದರೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿಲೀಟರ್. ಕೈಪಿಡಿಯಲ್ಲಿ ಬೇರೆ ಬರೆದಿದ್ದರೆ ಅದನ್ನೇ ಪಾಲಿಸಿ. ಅಂದಾಜಿನಲ್ಲಿ ಸುರಿಯಬೇಡಿ. ಎಣ್ಣೆ ಮರೆತು ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ನು ಸಿಲಿಂಡರಿಗೆ ಉಜ್ಜಿ ಕೆಲವೇ ನಿಮಿಷದಲ್ಲಿ ಎಂಜಿನ್ನಿನ ಕತೆ ಮುಗಿಯುತ್ತದೆ. ಎಥನಾಲ್ ಬೆರೆತ ಪೆಟ್ರೋಲು ನೀರು ಹೀರುತ್ತದೆ, ಒಳಗಿನ ರಬ್ಬರ್ ನಳಿಗೆಗಳನ್ನು ಹಾಳು ಮಾಡುತ್ತದೆ. ಒಂದು ತಿಂಗಳಿಗೆ ಬೇಕಾಗುವಷ್ಟೇ ಬೆರೆಸಿಕೊಳ್ಳಿ, ಎತ್ತಿಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಸಿಸಿ ಒಂದೇ ನೋಡಿದರೆ ಮೋಸ ಹೋಗುತ್ತೀರಿ

ಇದನ್ನು ಒಂದೇ ಕಂಪನಿಯ ಎರಡು ಗರಗಸ ಇಟ್ಟು ತೋರಿಸುತ್ತೇನೆ. ಸ್ಟಿಲ್‌ನ ಎಂಎಸ್ 271 ಮತ್ತು ಎಂಎಸ್ 261. ಎರಡೂ 50.2 ಸಿಸಿ. 271ರದು 2.6 ಕಿಲೋವ್ಯಾಟ್, ಬಾರ್ ಇಲ್ಲದೆ ತೂಕ 5.6 ಕೆಜಿ. 261ರದು 3 ಕಿಲೋವ್ಯಾಟ್, ತೂಕ 4.9 ಕೆಜಿ. ಸಿಸಿ ಒಂದೇ, ಆದರೆ ಒಂದು ಜಾಸ್ತಿ ಬಲ ಕೊಟ್ಟು ಮುಕ್ಕಾಲು ಕೆಜಿ ಹಗುರ ಇದೆ. ಯಾಕೆ? 261 ದಿನಾ ಮರ ಕೊಯ್ದು ಬದುಕುವವರಿಗೆ ಅಂತ ಮಾಡಿದ್ದು, ಅದರ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂನದು. 271 ತೋಟ, ಜಮೀನು ಇರುವವರಿಗೆ ಅಂತ ಮಾಡಿದ್ದು, ಪ್ಲಾಸ್ಟಿಕ್ ಭಾಗಗಳು ಜಾಸ್ತಿ, ಬೆಲೆ ಕಡಿಮೆ. ಬೇರೆ ಕಂಪನಿಗಳಲ್ಲೂ ಮನೆಬಳಕೆಯದು, ತೋಟದ್ದು, ಕಸುಬಿನದು ಅಂತ ಇದೇ ಥರ ಮೂರು ದರ್ಜೆ ಇರುತ್ತವೆ. ಅಂಗಡಿಯಲ್ಲಿ ಸಿಸಿ ಜೊತೆಗೆ ಕಿಲೋವ್ಯಾಟ್ ಎಷ್ಟು, ತೂಕ ಎಷ್ಟು ಅಂತ ಕೇಳಿ, ಕಿಲೋವ್ಯಾಟನ್ನು ತೂಕದಿಂದ ಭಾಗಿಸಿ ನೋಡಿ. ಅದು ಹೇಳುವಷ್ಟು ನಿಜವನ್ನು ಡಬ್ಬಿಯ ಮೇಲಿನ ದೊಡ್ಡ ಅಕ್ಷರ ಹೇಳುವುದಿಲ್ಲ.

ತೂಕದ ಬಗ್ಗೆ ಇಷ್ಟು ಹೇಳುತ್ತಿದ್ದೇನೆ ಅಲ್ವಾ? 1950ರಲ್ಲಿ ಸ್ಟಿಲ್ ಕಂಪನಿ ಒಬ್ಬನೇ ಹಿಡಿದು ಕೊಯ್ಯಬಹುದಾದ ಪೆಟ್ರೋಲ್ ಗರಗಸ ತಂದಾಗ ಅದರ ತೂಕ 16 ಕೆಜಿ. ಅಲ್ಲಿಂದ ಇಲ್ಲಿಯವರೆಗೆ ಎಪ್ಪತ್ತು ಚಿಲ್ಲರೆ ವರ್ಷ ಈ ಯಂತ್ರ ಮಾಡುವವರು ಪಟ್ಟ ಪಾಡಿನಲ್ಲಿ ದೊಡ್ಡ ಪಾಲು ತೂಕ ಇಳಿಸುವುದಕ್ಕೇ ಹೋಗಿದೆ. ನಾವು ಹೋಗಿ ಬೇಡದ ತೂಕಕ್ಕೆ ದುಡ್ಡು ಕೊಟ್ಟು ಬರುವುದು ಯಾಕೆ?

30ರಿಂದ 40 ಸಿಸಿ: ಸ್ಟಿಲ್ ಎಂಎಸ್ 170 (30.1 ಸಿಸಿ), ಎಂಎಸ್ 180 (31.8 ಸಿಸಿ), ಹಸ್ಕ್‌ವರ್ನಾ 120 (38 ಸಿಸಿ) ಇಂಥವು. ತೂಕ ನಾಲ್ಕು, ಐದು ಕೆಜಿ ಒಳಗೆ. 12ರಿಂದ 14 ಇಂಚಿನ ಬಾರ್ ಇವಕ್ಕೆ ಒಪ್ಪುತ್ತದೆ. 20 ಸೆಂಟಿಮೀಟರ್ ಮರ ಸಲೀಸಾಗಿ ಕೊಯ್ಯುತ್ತವೆ, 30 ಸೆಂಟಿಮೀಟರ್ ಕೊಯ್ದರೂ ನೀವು ಕಾಯಬೇಕು. ಒಣಗಿದ ಗಟ್ಟಿ ಮರವಾದರೆ ಇನ್ನೂ ಕಾಯಬೇಕು. ಬಿದ್ದ ರೆಂಬೆ, ತೋಟದ ಸವರು ಕೆಲಸ, ಸ್ವಲ್ಪ ಸೌದೆ, ಇಷ್ಟಿದ್ದರೆ ಇದೇ ಸಾಕು.

45ರಿಂದ 55 ಸಿಸಿ: ಬರೀ ಸೌದೆಗೆ ಅಂತ ಕೇಳುವ ಹತ್ತು ಜನರಲ್ಲಿ ಏಳೆಂಟು ಜನಕ್ಕೆ ನಾನು ಇಲ್ಲಿಗೇ ಬೆರಳು ತೋರಿಸುತ್ತೇನೆ. ಸ್ಟಿಲ್ ಎಂಎಸ್ 250 ಇದಕ್ಕೆ ಒಳ್ಳೆಯ ಉದಾಹರಣೆ: 45.4 ಸಿಸಿ, 2.3 ಕಿಲೋವ್ಯಾಟ್, 4.6 ಕೆಜಿ. ಹಸ್ಕ್‌ವರ್ನಾದಲ್ಲಿ 445 ಮತ್ತು 450 ಈ ಸಾಲಿನವು. 16 ಇಂಚಿನ ಬಾರ್ ಹಾಕಿದರೆ 35 ಸೆಂಟಿಮೀಟರ್‌ವರೆಗಿನ ದಿಮ್ಮಿಗೆ ನಿಮ್ಮನ್ನು ಕಾಯಿಸದೆ ಇಳಿಯುತ್ತದೆ, ಒಂದು ಮಧ್ಯಾಹ್ನ ಪೂರ್ತಿ ಹಿಡಿಯಬಹುದು, ಬಿಡಿಭಾಗ ಸುಲಭವಾಗಿ ಸಿಗುತ್ತದೆ.

ಸೌದೆ ಜೊತೆಗೆ ಮರ ಬೀಳಿಸಿ, ರೆಂಬೆ ಸವರಿ, ದಿಮ್ಮಿ ಮಾಡಿ ಎಳೆಸುವ ಕೆಲಸವೂ ಇದ್ದರೆ, ಅದೂ ವರ್ಷಕ್ಕೆ ಹಲವು ವಾರ ಇದ್ದರೆ, ಎರಡು ದಾರಿ ಇವೆ. ಒಂದು, 55ರಿಂದ 60 ಸಿಸಿಯ ತೋಟದ ದರ್ಜೆ: ಹಸ್ಕ್‌ವರ್ನಾ 455 ರಾಂಚರ್, ಸ್ಟಿಲ್ ಎಂಎಸ್ 291, ಎರಡೂ 55.5 ಸಿಸಿ. ಇನ್ನೊಂದು, 50 ಸಿಸಿಯ ಕಸುಬಿನ ದರ್ಜೆ: ಎಂಎಸ್ 261, ಹಸ್ಕ್‌ವರ್ನಾ 550 ಎಕ್ಸ್‌ಪಿ. ಮೊದಲನೆಯದು ಅಗ್ಗ ಮತ್ತು ಭಾರ, ಎರಡನೆಯದು ದುಬಾರಿ ಮತ್ತು ಹಗುರ. ನನ್ನ ಮಾತು ಕೇಳುವುದಾದರೆ ಎರಡನೆಯದಕ್ಕೆ ಹೋಗಿ. ಮರ ಬೀಳಿಸುವುದು ಐದು ನಿಮಿಷದ ಕೆಲಸ, ಆಮೇಲೆ ರೆಂಬೆ ಸವರುವುದೇ ಗಂಟೆಗಟ್ಟಲೆ. ಗರಗಸವನ್ನು ಎತ್ತಿ ಇಳಿಸಿ, ಆಚೆ ಈಚೆ ತಿರುಗಿಸಿ ಮಾಡುವ ಆ ಕೆಲಸದಲ್ಲಿ ಒಂದು ಕೆಜಿ ಕಡಿಮೆಯಾದರೆ ಸಂಜೆ ಬೆನ್ನಿಗೆ ಗೊತ್ತಾಗುತ್ತದೆ. ಕಸುಬಿನ ದರ್ಜೆಯಲ್ಲಿ ನಡುಕ ತಡೆಯುವ ಸ್ಪ್ರಿಂಗುಗಳೂ ಚೆನ್ನಾಗಿರುತ್ತವೆ. ವರ್ಷಗಟ್ಟಲೆ ನಡುಗುವ ಯಂತ್ರ ಹಿಡಿದವರ ಬೆರಳುಗಳಿಗೆ ರಕ್ತ ಓಡದೆ ಬಿಳುಚಿ ಮರಗಟ್ಟುವ ಕಾಯಿಲೆ ಬರುತ್ತದೆ, ಬಂದ ಮೇಲೆ ಪೂರ್ತಿ ವಾಸಿಯಾಗುವುದು ಕಷ್ಟ. ಕೊಳ್ಳುವಾಗ ನಡುಕದ ಅಂಕಿ ಕೇಳಿ. ಎರಡು ಹಿಡಿಗಳಿಗೂ ಬೇರೆ ಬೇರೆ ಅಂಕಿ ಇರುತ್ತದೆ, ಕಡಿಮೆ ಇದ್ದಷ್ಟೂ ಒಳ್ಳೆಯದು.

70 ಸಿಸಿ ಮತ್ತು ಮೇಲೆ: ಸ್ಟಿಲ್ ಎಂಎಸ್ 462 (72.2 ಸಿಸಿ, 4.4 ಕಿಲೋವ್ಯಾಟ್, 6 ಕೆಜಿ), ಹಸ್ಕ್‌ವರ್ನಾ 572 ಎಕ್ಸ್‌ಪಿ (70.6 ಸಿಸಿ). ದಿನಾ 50 ಸೆಂಟಿಮೀಟರಿಗಿಂತ ದಪ್ಪದ ಮರ ಬೀಳುವಲ್ಲಿ ಬೇಕು. ದಿಮ್ಮಿಯನ್ನು ಚೈನ್‌ಸಾದಿಂದಲೇ ಉದ್ದಕ್ಕೆ ಸೀಳಿ ಹಲಗೆ ತೆಗೆಯುವ ಆಸೆ ಇದ್ದರೂ ಈ ದರ್ಜೆಯೇ ಬೇಕು, 90 ಸಿಸಿ ಆದರೆ ಇನ್ನೂ ವಾಸಿ. ಉದ್ದ ಸೀಳುವಾಗ ಎಂಜಿನ್ನು ನಿಮಿಷಗಟ್ಟಲೆ ಪೂರ್ತಿ ಭಾರದಲ್ಲಿ ಓಡುತ್ತದೆ, ಚಿಕ್ಕ ಯಂತ್ರ ಬೆಂದುಹೋಗುತ್ತದೆ. ಅದಕ್ಕೆ ಹಲ್ಲಿನ ಕೋನ 10 ಡಿಗ್ರಿ ಇರುವ ಬೇರೆ ಚೈನೂ ಬೇಕು.

ಬಾರಿನ ಉದ್ದ

ಕೊಯ್ಯುವ ಮರಕ್ಕಿಂತ ನಾಲ್ಕೈದು ಸೆಂಟಿಮೀಟರ್ ಉದ್ದ ಇದ್ದರೆ ಸಾಕು. ಯಾವಾಗಲೋ ಒಂದು ಸಲ ದಪ್ಪ ಮರ ಸಿಕ್ಕರೆ ಎರಡು ಕಡೆಯಿಂದ ಕೊಯ್ಯಬಹುದು. ಉದ್ದ ಬಾರಿನ ಮೇಲೆ ಹಲ್ಲು ಜಾಸ್ತಿ, ಅಂದರೆ ಹರಿತ ಮಾಡುವ ಕೆಲಸ ಜಾಸ್ತಿ, ಎಂಜಿನ್ನಿಗೆ ಭಾರ ಜಾಸ್ತಿ, ತುದಿ ಮಣ್ಣಿಗೋ ಮರೆಯ ಕೊಂಬೆಗೋ ತಾಗುವುದೂ ಜಾಸ್ತಿ. 45 ಸಿಸಿಗೆ 20 ಇಂಚಿನ ಬಾರ್ ಹಾಕಿ ಮಾರುವವರು ಇದ್ದಾರೆ. ನೋಡಲು ಭರ್ಜರಿ, ಪೂರ್ತಿ ಬಾರ್ ಮರದೊಳಗೆ ಇಳಿದಾಗ ಎಂಜಿನ್ನು ಉಸಿರು ಕಟ್ಟಿದ ಹಾಗೆ ಆಗುತ್ತದೆ. 16 ಇಂಚಿನದನ್ನೇ ಹಾಕಿಸಿಕೊಳ್ಳಿ. ಎತ್ತರದವರಿಗೆ 18 ಇಂಚು ಇದ್ದರೆ ನೆಲದ ಮೇಲಿನ ದಿಮ್ಮಿ ಕೊಯ್ಯುವಾಗ ಬಗ್ಗುವುದು ಸ್ವಲ್ಪ ಕಡಿಮೆಯಾಗುತ್ತದೆ. ಉದ್ದ ಬಾರಿನ ಪರವಾಗಿ ನಾನು ಒಪ್ಪುವ ಮಾತು ಅದೊಂದೇ.

ಕೊಯ್ಯುವುದು ಎಂಜಿನ್ನಲ್ಲ, ಚೈನು

ಕೊಳ್ಳುವಾಗ ಜನ ಎಂಜಿನ್ ನೋಡಲು ಒಂದು ಗಂಟೆ ಕೊಡುತ್ತಾರೆ, ಚೈನಿಗೆ ಒಂದು ನಿಮಿಷವನ್ನೂ ಕೊಡುವುದಿಲ್ಲ. ಹರಿತವಾದ ಚೈನಿನ 45 ಸಿಸಿ ಗರಗಸ, ಮೊಂಡು ಚೈನಿನ 60 ಸಿಸಿಗಿಂತ ಬೇಗ ಕೊಯ್ಯುತ್ತದೆ. ಇದನ್ನು ಒಂದೇ ದಿಮ್ಮಿಯ ಮೇಲೆ ಎಷ್ಟೋ ಸಲ ಮಾಡಿ ನೋಡಿದ್ದೇನೆ.

ಈಗಿನ ಚೈನಿನ ಹಲ್ಲಿನ ಆಕಾರ ಬಂದದ್ದು ಹೇಗೆ ಅಂತ ಗೊತ್ತಾ? ಅಮೆರಿಕದ ಒರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಅನ್ನುವ ಮರ ಕಡಿಯುವವನು 1946ರಲ್ಲಿ ಸೌದೆ ಒಡೆಯುವಾಗ ಮರ ತಿನ್ನುವ ದುಂಬಿಯ ಹುಳು ಕಂಡ. ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಾಯಿ ಆಡಿಸುತ್ತಾ, ನಾರು ಅಡ್ಡವಿದ್ದರೂ ಉದ್ದವಿದ್ದರೂ ಸಲೀಸಾಗಿ ಕೊರೆದುಕೊಂಡು ಹೋಗುತ್ತಿತ್ತು. ಅದರ ದವಡೆಯ ಹಾಗೆ ಬಾಗಿದ ಹಲ್ಲನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಜೋಡಿಸಿ ಚೈನು ಮಾಡಿದ, 1947ರಲ್ಲಿ ಅದಕ್ಕೆ ಅಂತಲೇ ಕಂಪನಿ ತೆರೆದ. ನಿಮ್ಮ ಗರಗಸದ ಚೈನು ನೋಡಿ, ಇವತ್ತಿಗೂ ಹಲ್ಲುಗಳು ಎಡ ಬಲ ಎಡ ಬಲ ಅಂತಲೇ ಇರುತ್ತವೆ.

ಚೈನು ಕೊಳ್ಳುವಾಗ ಮೂರು ಅಳತೆ ಹೊಂದಬೇಕು: ಪಿಚ್, ಗೇಜ್, ಡ್ರೈವ್ ಲಿಂಕ್‌ಗಳ ಎಣಿಕೆ. ಪಿಚ್ ಅಂದರೆ ಮೂರು ರಿವೆಟ್ಟುಗಳ ನಡುವಿನ ದೂರದ ಅರ್ಧ. ಚಿಕ್ಕ ಗರಗಸಗಳಲ್ಲಿ 3/8 ಇಂಚಿನ ಕುಳ್ಳ ಚೈನು ಇರುತ್ತದೆ, ಲೋ ಪ್ರೊಫೈಲ್ ಅಂತ ಹೆಸರು. 45ರಿಂದ 55 ಸಿಸಿಗೆ ಸಾಮಾನ್ಯವಾಗಿ 0.325 ಇಂಚು. 60 ಸಿಸಿಯಿಂದ ಮೇಲೆ ಪೂರ್ತಿ ಎತ್ತರದ 3/8 ಇಂಚು. ಗೇಜ್ ಅಂದರೆ ಬಾರಿನ ಸಂದಿಯಲ್ಲಿ ಕೂರುವ ಡ್ರೈವ್ ಲಿಂಕಿನ ದಪ್ಪ, 1.1ರಿಂದ 1.6 ಮಿಲಿಮೀಟರ್ ತನಕ. ಇವು ಬಾರಿನ ಹಿಂಭಾಗದಲ್ಲಿ ಕೆತ್ತಿರುತ್ತವೆ. ಅದರ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ, ಅಂಗಡಿಗೆ ಹೋದಾಗ ಸುಮ್ನೆ ತೋರಿಸಿದರೆ ಆಯಿತು.

ಆಮೇಲೆ ಹಲ್ಲಿನ ಬಗೆ. ಫುಲ್ ಚಿಸೆಲ್ ಅನ್ನುವುದರ ಮೂಲೆ ಚೂಪಾಗಿ ಚೌಕಾಕಾರ ಇರುತ್ತದೆ, ಹಸಿಯಾದ ಶುಚಿಯಾದ ಮರದಲ್ಲಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ. ಸೆಮಿ ಚಿಸೆಲ್‌ನ ಮೂಲೆ ಸ್ವಲ್ಪ ದುಂಡಗೆ, ವೇಗ ಕಡಿಮೆ, ಆದರೆ ಹರಿತ ಬಹಳ ಹೊತ್ತು ನಿಲ್ಲುತ್ತದೆ. ಸೌದೆಗೆ ಬರುವ ಮರ ಎಂಥದ್ದು? ನೆಲದಲ್ಲಿ ಎಳೆದು ತಂದದ್ದು, ತೊಗಟೆಯಲ್ಲಿ ಮಣ್ಣು ಮರಳು ಸೇರಿದ್ದು, ಒಣಗಿ ಗಟ್ಟಿಯಾದದ್ದು. ಆದ್ದರಿಂದ ಸೌದೆಗೆ ಸೆಮಿ ಚಿಸೆಲ್ ಹಾಕಿ, ನಿಂತ ಹಸಿ ಮರ ಬೀಳಿಸುವ ದಿನಕ್ಕೆ ಬೇಕಿದ್ದರೆ ಒಂದು ಫುಲ್ ಚಿಸೆಲ್ ಇಟ್ಟುಕೊಳ್ಳಿ. ಮೊದಲ ಸಲ ಗರಗಸ ಹಿಡಿಯುವವರು ಎಗರುವುದನ್ನು ತಗ್ಗಿಸುವ ಸೇಫ್ಟಿ ಚೈನನ್ನೇ ಕೇಳಿ ಪಡೆಯಿರಿ. ಕೊಯ್ಯುವ ವೇಗ ಒಂದಿಷ್ಟು ಇಳಿದರೆ ಇಳಿಯಲಿ.

ಹರಿತ ಮಾಡುವುದನ್ನು ಕಲಿಯದೆ ಗರಗಸ ಕೊಳ್ಳಬೇಡಿ. ಕುಳ್ಳ 3/8ಕ್ಕೆ 4 ಮಿಲಿಮೀಟರ್ ದುಂಡು ಅರ, 0.325ಕ್ಕೆ 4.8 ಮಿಲಿಮೀಟರ್, ದೊಡ್ಡ 3/8ಕ್ಕೆ 5.2 ಅಥವಾ 5.5. ಚೈನಿನ ಡಬ್ಬಿ ಮೇಲೆ ಏನು ಬರೆದಿದೆಯೋ ಅದೇ ಕೊನೆಯ ಮಾತು. ಅರದ ಜೊತೆ ಕೋನ ತೋರಿಸುವ ಗೈಡ್ ತೆಗೆದುಕೊಳ್ಳಿ, ಹೆಚ್ಚಿನ ಚೈನುಗಳಿಗೆ 25ರಿಂದ 30 ಡಿಗ್ರಿ. ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು, ಹಿಂದಕ್ಕೆ ಎಳೆಯುವಾಗ ಉಜ್ಜಬಾರದು. ಪ್ರತಿ ಸಲ ಪೆಟ್ರೋಲು ತುಂಬಿಸುವಾಗ ಒಂದೊಂದು ಹಲ್ಲಿಗೆ ಎರಡು ಮೂರು ಸಲ ಅರ ಆಡಿಸಿದರೆ ಚೈನು ಮೊಂಡಾಗುವ ಮಾತೇ ಬರುವುದಿಲ್ಲ. ನಾಲ್ಕೈದು ಸಲ ಹರಿತ ಮಾಡಿದ ಮೇಲೆ ಹಲ್ಲಿನ ಮುಂದಿನ ಗುಬುಟನ್ನೂ ಚಪ್ಪಟೆ ಅರದಿಂದ ತಗ್ಗಿಸಬೇಕು. ಹಲ್ಲಿಗಿಂತ ಅದು ಸುಮಾರು 0.65 ಮಿಲಿಮೀಟರ್ ಕೆಳಗಿರಬೇಕು. ಜಾಸ್ತಿ ತಗ್ಗಿಸಿದರೆ ಚೈನು ಮರಕ್ಕೆ ಕಚ್ಚಿ ಎಗರುತ್ತದೆ, ಹಾಗಾಗಿ ಈ ತಗ್ಗು ಅಳೆಯುವ ಗೇಜ್ ಇಟ್ಟೇ ಮಾಡಿ. ಹರಿತ ಇದೆಯೋ ಇಲ್ಲವೋ ನೋಡಲು ಮರದ ಹೊಟ್ಟು ಸಾಕು. ಚಕ್ಕೆ ಚಕ್ಕೆಯಾಗಿ ಬಿದ್ದರೆ ಸರಿ, ಹಿಟ್ಟಿನ ಹಾಗೆ ಬಿದ್ದರೆ ನಿಲ್ಲಿಸಿ ಅರ ತೆಗೆಯಿರಿ. ಗರಗಸವನ್ನು ನೀವು ಮರಕ್ಕೆ ಒತ್ತುತ್ತಿದ್ದೀರಿ ಅಂದರೂ ಅದೇ ಅರ್ಥ.

ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಬೇಕಾದವು

ಚೈನ್ ಬ್ರೇಕ್ ಮೊದಲು. ಎಂಜಿನ್ ನಿಲ್ಲಿಸಿಯೇ ಇರಲಿ, ಮುಂದಿನ ಹಿಡಿಯ ಎದುರಿನ ತಡೆಯನ್ನು ಮುಂದಕ್ಕೆ ತಳ್ಳಿ. ಟಕ್ ಅಂತ ಬೀಳಬೇಕು, ಚೈನು ಕೈಯಲ್ಲಿ ಎಳೆದರೂ ಜಗ್ಗಬಾರದು. ಬಾರಿನ ತುದಿಯ ಮೇಲಿನ ಅರ್ಧ ಭಾಗ ಏನಕ್ಕಾದರೂ ತಾಗಿದರೆ ಗರಗಸ ಎಗರುವ ವೇಗಕ್ಕೆ ನಿಮ್ಮ ಕೈ ಸಾಟಿಯಲ್ಲ. ಆಗ ಇರುವುದು ಈ ಬ್ರೇಕ್ ಒಂದೇ.

ಚೈನು ಬಿಗಿ ಮಾಡುವ ಸ್ಕ್ರೂ ಬಾರಿನ ಪಕ್ಕದಲ್ಲಿ ಇದ್ದರೆ ಅನುಕೂಲ, ಚೂಪು ಹಲ್ಲಿನ ಹತ್ತಿರ ಕೈ ಹಾಕಬೇಕಿಲ್ಲ. ಕೈಯಲ್ಲೇ ತಿರುಗಿಸುವ ಚಕ್ರ ಮನೆಬಳಕೆಗೆ ಪರವಾಗಿಲ್ಲ, ಬಿರುಸಿನ ಕೆಲಸಕ್ಕೆ ನಟ್ಟು ಸ್ಪ್ಯಾನರೇ ಗಟ್ಟಿ. ಗಾಳಿ ಫಿಲ್ಟರ್ ಸ್ಪ್ಯಾನರ್ ಇಲ್ಲದೆ ಬಿಚ್ಚಲು ಬರುತ್ತದಾ ನೋಡಿ. ಬರದಿದ್ದರೆ ನೀವು ಅದನ್ನು ತೊಳೆಯುವುದೇ ಇಲ್ಲ. ಕೈಗವಸು ಹಾಕಿಕೊಂಡೇ ಎರಡೂ ಹಿಡಿ ಹಿಡಿದು ನೋಡಿ.

ತಾನಾಗಿಯೇ ಪೆಟ್ರೋಲ್ ಗಾಳಿಯ ಹದ ಸರಿಮಾಡಿಕೊಳ್ಳುವ ವ್ಯವಸ್ಥೆ ಈಗ ದುಬಾರಿ ಯಂತ್ರಗಳಲ್ಲಿ ಬಂದಿದೆ. ಸ್ಟಿಲ್ ಅದಕ್ಕೆ ಎಂ ಟ್ರಾನಿಕ್ ಅನ್ನುತ್ತದೆ, ಹಸ್ಕ್‌ವರ್ನಾ ಆಟೋಟ್ಯೂನ್ ಅನ್ನುತ್ತದೆ. ಚೆನ್ನಾಗಿದೆ, ಆದರೆ ಕೆಟ್ಟರೆ ಕಂಪನಿಯ ಉಪಕರಣ ಇರುವ ಮೆಕ್ಯಾನಿಕ್ಕೇ ಬೇಕು. ಅಂಥವರು ಹತ್ತಿರ ಇಲ್ಲದಿದ್ದರೆ ಸ್ಕ್ರೂ ತಿರುಗಿಸುವ ಹಳೇ ಕಾರ್ಬ್ಯುರೇಟರೇ ವಾಸಿ. ಹೇಳಬೇಕೆಂದರೆ ಕಂಪನಿ ಯಾವುದು ಅನ್ನುವ ಜಗಳಕ್ಕಿಂತ ರಿಪೇರಿ ಮಾಡುವವನು ಎಷ್ಟು ದೂರ ಇದ್ದಾನೆ ಅನ್ನುವುದು ದೊಡ್ಡದು. ಸ್ಟಿಲ್, ಹಸ್ಕ್‌ವರ್ನಾ, ಎಕೋ ಎಲ್ಲವೂ ಒಳ್ಳೆಯ ಗರಗಸ ಮಾಡುತ್ತವೆ. ನಿಮ್ಮ ಹತ್ತಿರದಲ್ಲಿ ಯಾವುದರ ಬಿಡಿಭಾಗ ಮತ್ತು ರಿಪೇರಿ ಮಾಡುವ ಕೈ ಎರಡೂ ಸಿಗುತ್ತವೋ ಅದು ನಿಮ್ಮ ಕಂಪನಿ.

ಹೆಸರೇ ಕೇಳಿರದ ಅಗ್ಗದ ಗರಗಸಗಳ ಬಗ್ಗೆ: ಡಬ್ಬಿ ಮೇಲೆ 58 ಅಥವಾ 62 ಸಿಸಿ ಅಂತ ಇರುತ್ತದೆ, ಬೆಲೆ ಮೂರರಲ್ಲೊಂದು ಪಾಲು. ನಾನೂ ಒಂದನ್ನು ಎರಡು ವರ್ಷ ಇಟ್ಟುಕೊಂಡಿದ್ದೆ. ಎಂಜಿನ್ನು ಓಡಿತು. ಆದರೆ ಎಣ್ಣೆ ಪಂಪು ಚೈನಿಗೆ ಸರಿಯಾಗಿ ಎಣ್ಣೆ ಕೊಡದೆ ಬಾರ್ ಸುಟ್ಟು ನೀಲಿಯಾಯಿತು, ಚೈನ್ ಬ್ರೇಕಿನ ಪಟ್ಟಿ ಒಂದು ದಿನ ತುಂಡಾಯಿತು, ಎರಡಕ್ಕೂ ಭಾಗ ಸಿಗಲಿಲ್ಲ. ಎಂಜಿನ್ ಕೆಟ್ಟರೆ ದುಡ್ಡು ಹೋಗುತ್ತದೆ, ಬ್ರೇಕ್ ಕೆಟ್ಟರೆ ಏನು ಹೋಗುತ್ತದೆ ಅಂತ ಯೋಚಿಸಿ.

ಹಿಡಿ ಎಂಜಿನ್ನಿನ ಮೇಲೆಯೇ ಇರುವ ಪುಟ್ಟ ಗರಗಸವನ್ನು ಹಗುರ ಅಂತ ಸೌದೆಗೆ ಕೊಳ್ಳಬೇಡಿ. ಅದು ಹಗ್ಗ ಕಟ್ಟಿಕೊಂಡು ಮರದ ಮೇಲೆ ಕೆಲಸ ಮಾಡುವ ತರಬೇತಾದವರ ಯಂತ್ರ. ಎರಡು ಹಿಡಿ ಹತ್ತಿರ ಹತ್ತಿರ ಇರುವುದರಿಂದ ಎಗರಿದರೆ ತಡೆಯಲು ಬಲ ಸಿಗುವುದಿಲ್ಲ. ನೆಲದ ಮೇಲೆ ನಿಂತು ಕೊಯ್ಯುವವರಿಗೆ ಹಿಂಬದಿಯಲ್ಲಿ ಹಿಡಿ ಇರುವ ಗರಗಸವೇ ಬೇಕು.

ಗರಗಸದ ಜೊತೆಗೇ ಕೊಳ್ಳಬೇಕಾದವು

ಕಾಲಿಗೆ ಕಟ್ಟುವ ಚಾಪ್ಸ್ ಅಥವಾ ಚೈನಿನಿಂದ ಕಾಲು ಕಾಯುವ ಪ್ಯಾಂಟು. ಒಳಗೆ ಉದ್ದುದ್ದ ನಾರುಗಳ ಪದರ ಇರುತ್ತದೆ. ಚೈನು ತಾಗಿದ ಕೂಡಲೇ ನಾರು ಎಳೆದುಕೊಂಡು ಬಂದು ಚೈನು ತಿರುಗಿಸುವ ಹಲ್ಲಿನ ಚಕ್ರಕ್ಕೆ, ಅಂದರೆ ಸ್ಪ್ರಾಕೆಟ್ಟಿಗೆ, ಸುತ್ತಿ ಗರಗಸವನ್ನೇ ನಿಲ್ಲಿಸುತ್ತದೆ. ಕ್ಲಾಸ್ 1 ಅಂತ ಇದ್ದರೆ ಸೆಕೆಂಡಿಗೆ 20 ಮೀಟರ್ ಚೈನು ವೇಗಕ್ಕೆ, ಕ್ಲಾಸ್ 2 ಆದರೆ 24 ಮೀಟರಿಗೆ ಪರೀಕ್ಷೆ ಆಗಿರುತ್ತದೆ. ಬಲವಾದ ಗರಗಸ ಪೂರ್ತಿ ವೇಗದಲ್ಲಿ ಇದನ್ನು ಮೀರಬಹುದು. ಕರೆಂಟು, ಬ್ಯಾಟರಿ ಮೋಟಾರಿನ ಗರಗಸಗಳು ನಿಲ್ಲಿಸಲು ಹೋದಾಗಲೂ ಬಲ ಬಿಡದೆ ತಿರುಗುತ್ತವೆ, ಅಲ್ಲಿ ನಾರಿನ ಕೆಲಸ ಇನ್ನೂ ಕಷ್ಟ. ಆದರೂ ಹಾಕಿಯೇ ಹಾಕಿ. ಪೆಟ್ರೋಲ್ ಗರಗಸದ ಸದ್ದು 100 ಡೆಸಿಬೆಲ್ ದಾಟುತ್ತದೆ, ಕಿವಿಗೆ ಮಫ್ ಇಲ್ಲದೆ ಸ್ಟಾರ್ಟ್ ಮಾಡಬೇಡಿ. ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ಟು, ಉಕ್ಕಿನ ಮೂತಿಯ ಬೂಟು. ಇವಕ್ಕೆ ದುಡ್ಡು ಸಾಲುತ್ತಿಲ್ಲ ಅಂದರೆ ಗರಗಸವನ್ನು ಒಂದು ದರ್ಜೆ ಇಳಿಸಿ ಕೊಳ್ಳಿ.

ಇನ್ನೆರಡು ಚೈನು, ಅರ, ಪ್ಲಾಸ್ಟಿಕ್ ಬೆಣೆ ಎರಡು ಮೂರು. ಕಬ್ಬಿಣದ ಬೆಣೆ ಬೇಡ, ಚೈನು ತಾಗಿದರೆ ಹಲ್ಲು ಹೋಗುತ್ತದೆ. ಬಾರಿಗೆ ಹಾಕಲು ಅಂಟುವ ಗುಣ ಇರುವ ಬಾರ್ ಎಣ್ಣೆ. ಗಾಡಿಯಿಂದ ತೆಗೆದ ಹಳೇ ಎಂಜಿನ್ ಎಣ್ಣೆ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪೂ ಹಾಳು, ಮಣ್ಣೂ ಹಾಳು. ಪೆಟ್ರೋಲು ತುಂಬಿಸಿದಾಗಲೆಲ್ಲ ಎಣ್ಣೆಯನ್ನೂ ತುಂಬಿಸಿ. ಪೆಟ್ರೋಲು ಮುಗಿದಾಗ ಎಣ್ಣೆ ಇನ್ನೂ ಸ್ವಲ್ಪ ಉಳಿದಿರಬೇಕು. ತುಂಬಿದ ಎಣ್ಣೆ ಹಾಗೇ ಇದ್ದರೆ ಅದು ಚೈನಿಗೆ ಹೋಗುತ್ತಿಲ್ಲ ಅಂತ ಅರ್ಥ.

ಹಳೆಯದು ಸಿಕ್ಕರೆ

ಕಸುಬಿನ ದರ್ಜೆಯ ಹೊಸ ಗರಗಸಕ್ಕೆ ದುಡ್ಡು ಆಗದವರು ಹಳೆಯದನ್ನು ನೋಡಬಹುದು, ನನ್ನ ಹತ್ತಿರ ಈಗ ಇರುವ 50 ಸಿಸಿಯದೂ ಹಳೆಯದೇ. ಸೈಲೆನ್ಸರ್ ಬಿಚ್ಚಿ ಒಳಗಿನ ಪಿಸ್ಟನ್ ನೋಡಲು ಬಿಡಿ ಅಂತ ಕೇಳಿ. ಅದರ ಮೈ ನುಣ್ಣಗೆ ಇರಬೇಕು, ಉದ್ದುದ್ದ ಗೀರು ಬಿದ್ದಿದ್ದರೆ ಬೇಡ. ಎಂಜಿನ್ ನಿಂತಿರುವಾಗ ಸ್ಟಾರ್ಟ್ ಹಗ್ಗದ ಹಿಡಿ ಹಿಡಿದು ಗರಗಸವನ್ನು ತೂಗಿಬಿಡಿ. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಚೆನ್ನಾಗಿದ್ದರೆ ತಡೆತಡೆದು ಇಳಿಯುತ್ತದೆ, ಸರ್ರನೆ ಜಾರಿದರೆ ರಿಂಗು ಸವೆದಿದೆ. ಆ ಒತ್ತಡ ಬಿಡುವ ಡಿಕಂಪ್ರೆಶನ್ ಗುಂಡಿ ಇದ್ದರೆ ಅದು ಒತ್ತಿಲ್ಲ ಅಂತ ಮೊದಲು ನೋಡಿಕೊಳ್ಳಿ. ಬಾರಿನ ಎರಡು ಅಂಚೂ ಒಂದೇ ಎತ್ತರ ಇವೆಯಾ, ಸ್ಪ್ರಾಕೆಟ್ಟಿನಲ್ಲಿ ಆಳವಾಗಿ ತಿಂದ ಗುರುತು ಇದೆಯಾ ನೋಡಿ, ಇವೆರಡು ಸವೆದಿದ್ದರೆ ಬದಲಿಸಬಹುದು, ಬೆಲೆ ಇಳಿಸಿ ಕೇಳಲು ಆಗುತ್ತದೆ ಅಷ್ಟೇ.

ಮತ್ತೆ, ಹೋಗುವ ಮುಂಚೆ ಮಾರುವವರಿಗೆ ಫೋನ್ ಮಾಡಿ ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಬಿಸಿ ಎಂಜಿನ್ನು ಎಂಥದ್ದಾದರೂ ಒಂದೇ ಎಳೆತಕ್ಕೆ ಓಡುತ್ತದೆ, ಕೆಟ್ಟದ್ದು ಗೊತ್ತಾಗುವುದು ತಣ್ಣಗಿದ್ದಾಗ. ತಲುಪಿದ ಕೂಡಲೇ ಸೈಲೆನ್ಸರಿನ ಹತ್ತಿರ ಕೈ ಹಿಡಿದು ನೋಡಿ. ಬಿಸಿ ಇದ್ದರೆ, ಪೂರ್ತಿ ಆರುವವರೆಗೆ ಕೂತಿದ್ದು ಆಮೇಲೆ ಹಗ್ಗ ಎಳೆಯಿರಿ.